ರಿಪೇರಿ ಅರ್ಧಕ್ಕೆ ನಿಂತ ಗಾಡಿ ಮಾರೋರು ‘ಏನೇನು ಇಲ್ಲ’ ಅನ್ನೋದನ್ನೂ ಬರೀಲಿ

ಸಂಪಾದಕರಿಗೆ ನಮಸ್ಕಾರ,

ರಿಪೇರಿ ಅರ್ಧಕ್ಕೆ ನಿಂತ ಹಳೆ ಪಿಕಪ್ ಮಾರಾಟಕ್ಕಿದೆ ಅನ್ನೋ ಜಾಹೀರಾತು ಕಂಡ್ರೆ ಸಾಕು, ಅದರಲ್ಲಿ ‘ಶೇ 80 ಕೆಲಸ ಮುಗಿದಿದೆ’ ಅಂತ ಇದ್ದೇ ಇರುತ್ತೆ. ಯಾವ ಎಂಬತ್ತು ಅಂತ ಮಾತ್ರ ಯಾರೂ ಹೇಳಲ್ಲ. ಬೇರೆಯೋರನ್ನ ಆಡ್ಕೊಳ್ತಿಲ್ಲ ಸ್ವಾಮಿ, ನಾನೂ ಹಂಗೇ ಬರೆದು ಮಾರೋಕೆ ಹೊರಟೋನೇ.

ನನ್ನದು 1951ರ ಷೆವರ್ಲೆ 3100, ಅರ್ಧ ಟನ್ನಿನದು, 1947ರಿಂದ 1955ರ ಶುರುವರೆಗೂ ಬಂತಲ್ಲ ಆ ಗುಂಡು ಮೂತಿ ಗಾಡಿ. ತಗೊಂಡಾಗಲೇ ಅರ್ಧ ಬಿಚ್ಚಿತ್ತು, ಮಿಕ್ಕಿದ್ದನ್ನ ನಾನು ಬಿಚ್ಚಿದೆ. ಬಿಚ್ಚೋ ಕೆಲಸ ಏನು, ಒಂದು ವಾರದಲ್ಲಿ ಖುಷಿಖುಷಿಯಾಗಿ ಆಗೋಯ್ತು, ಜೋಡಿಸೋಕೆ ಕೂತಾಗ ನೋಡಿದ್ರೆ ಬೋಲ್ಟೆಲ್ಲ ಒಂದೇ ಪೇಂಟ್ ಡಬ್ಬದಲ್ಲಿ, ಯಾವುದು ಮಡ್‌ಗಾರ್ಡ್‌ದು ಯಾವುದು ಬಾನೆಟ್‌ದು ದೇವರಿಗೇ ಗೊತ್ತು. ಆರು ವರ್ಷ ಹಂಗೇ ನಿಂತಿತ್ತು.

ಮೊದಲು ನೋಡೋಕೆ ಬಂದೋರು ಒಬ್ಬ ವಯಸ್ಸಾದ ಮೆಕ್ಯಾನಿಕ್. ನಾನು ಇಂಜಿನ್ ತೋರಿಸೋಣ ಅಂತ ಬಾನೆಟ್ ಎತ್ತಿ ಹಿಡ್ಕೊಂಡು ನಿಂತ್ರೆ ಆ ಯಪ್ಪ ಅತ್ತ ತಿರುಗಲೂ ಇಲ್ಲ, ಕ್ಯಾಬಿನ್ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಜೇಬಿಂದ ಒಂದು ಚಿಕ್ಕ ಮ್ಯಾಗ್ನೆಟ್ ತೆಗೆದು ಕೆಳಗಿನ ಮೂಲೆಗೆ ಇಟ್ರು. ಟಣ್ ಅಂತ ನೆಲಕ್ಕೆ ಬಿತ್ತು. ಒಂದು ಗೇಣು ಮೇಲೆ ಇಟ್ರು, ಕಚ್ಕೊಳ್ತು. ‘ಪುಟ್ಟಿ ಇದು, ತಗಡಲ್ಲ’ ಅಂದ್ರು, ಅಷ್ಟೇ. ನನಗೆ ಮಾರಿದೋನು ತಗಡು ಗಟ್ಟಿ ಇದೆ ಅಂದಿದ್ದ, ನಾನೂ ಅದನ್ನೇ ಜಾಹೀರಾತಿಗೆ ಇಳಿಸಿದ್ದೆ. ಈ ಗಾಡಿಗಳಲ್ಲಿ ನೀರು ಮಣ್ಣು ಸೇರಿ ಮೊದಲು ತುಕ್ಕು ತಿನ್ನೋ ಜಾಗಗಳಲ್ಲಿ ಆ ಮೂಲೆನೂ ಒಂದು ಅಂತ ಗೊತ್ತಿದ್ದೂ ಮುಟ್ಟಿ ನೋಡಿರಲಿಲ್ಲ.

ಆಮೇಲೆ ಬಾಗಿಲು. ಎಡಗಡೆದು ತಿರುಗಿಸೋ ಹ್ಯಾಂಡಲ್, ಬಲಗಡೆದು ಬಟನ್ ಒತ್ತೋದು. ಬಟನ್ ಬಂದಿದ್ದು 1952ರಲ್ಲಿ, ಅಂದ್ರೆ ಬಲಬಾಗಿಲು ಬೇರೆ ಯಾವುದೋ ಗಾಡೀದು! ಅಷ್ಟು ವರ್ಷ ಅದೇ ಬಾಗಿಲು ತೆಗೆದು ಹಾಕಿದ ನನಗೆ ಇದು ಕಂಡಿರಲಿಲ್ಲ ಅಂದ್ರೆ ನಗ್ತೀರ.

‘ಇಂಜಿನ್ ಓವರ್‌ಹಾಲ್ ಆಗಿದೆ’ ಅನ್ನೋದೂ ಇದೇ ಥರ. ಈ ಗಾಡಿಗೆ ಬಂದಿದ್ದು 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಇಂಜಿನ್, ಅದರ ಕನೆಕ್ಟಿಂಗ್ ರಾಡಿನಲ್ಲಿ (ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕೊಂಡಿ) ತೆಗೆದು ಹೊಸದು ಹಾಕೋ ಶೆಲ್ ಬೇರಿಂಗ್ ಇಲ್ಲ, ಬ್ಯಾಬಿಟ್ ಅನ್ನೋ ಮೆತ್ತನೆ ಲೋಹ ಕರಗಿಸಿ ಹುಯ್ದು ಅಳತೆಗೆ ಕೊರೆಸಬೇಕು, ಆ ಕೆಲಸ ಬಲ್ಲೋರು ಸಿಗೋದೇ ಕಷ್ಟ. ಅದು ಆಗಿದ್ಯಾ, ಇಲ್ಲ ಗ್ಯಾಸ್ಕೆಟ್ ಹಾಕಿ ಬಣ್ಣ ಬಳಿದು ಓವರ್‌ಹಾಲ್ ಅಂತಿದೀರಾ? ವೈರಿಂಗ್ ಇನ್ನೂ 6 ವೋಲ್ಟ್ ಇದ್ರೆ ಅದನ್ನೂ ಹೇಳಿ, ಪಾಪ ತಗೊಂಡೋನು 12 ವೋಲ್ಟ್ ಬ್ಯಾಟರಿ ಕೊಟ್ಟು ಬಲ್ಬ್ ಸುಟ್ಕೋತಾನೆ. ಬಾಗಿಲ ಕಂಬದ ಪ್ಲೇಟಿನಲ್ಲಿರೋ ಸೀರಿಯಲ್ ನಂಬರೂ ದಾಖಲೇಲಿ ಇರೋದೂ ಒಂದೇನಾ ಅನ್ನೋದಂತೂ ಎಲ್ಲಕ್ಕಿಂತ ಮೊದಲು.

ರೇಟಿನ ವಿಷಯಕ್ಕೆ ಬಂದ್ರೆ, ನಾನು ಬಿಲ್ಲೆಲ್ಲ ಕೂಡಿಸಿ ಹೇಳಿದ್ದೆ. ಒಂದೇ ಬಂಪರಿಗೆ ಎರಡು ಸಲ ಕ್ರೋಮ್ ಮಾಡಿಸಿದ್ದು ನನ್ನ ದಡ್ಡತನ, ಅದರ ದುಡ್ಡು ತಗೊಳ್ಳೋನು ಯಾಕೆ ಕೊಡ್ತಾನೆ?

ಈಗ ಜಾಹೀರಾತು ತಿದ್ದಿ ಬರೆದಿದೀನಿ: ‘ಕ್ಯಾಬಿನ್ ಮೂಲೆ ಎರಡೂ ಪುಟ್ಟಿ. ಬಲಬಾಗಿಲು ಬೇರೆ ಗಾಡೀದು. ಬ್ಯಾಬಿಟ್ ಕೆಲಸ ಆಗಿಲ್ಲ. ಹಿಂದೆ ಸಾಮಾನು ಹಾಕೋ ತೊಟ್ಟಿಗೆ ಮರದ ಹಲಗೆ ಇಲ್ಲ, ಹಲಗೆಗಳ ಮಧ್ಯದ ಕಬ್ಬಿಣದ ಪಟ್ಟಿ ಇವೆ. ದಾಖಲೆ ಸರಿ ಇದೆ. ಬೋಲ್ಟ್ ಒಂದು ಡಬ್ಬ, ಹೆಸರು ಬರೆದಿಲ್ಲ.’ ನಿಮ್ಮ ಜಾಹೀರಾತು ಕಾಲಮ್ಮಿನ ಪದದ ಮಿತಿ ದಾಟುತ್ತೆ ಇದು. ಅರ್ಧಕ್ಕೆ ನಿಂತ ಗಾಡಿ ಮಾರೋರಿಗೆ ಅಂತ ಎರಡು ಸಾಲು ಜಾಸ್ತಿ ಕೊಡೋಕಾಗುತ್ತಾ, ದಯವಿಟ್ಟು ನೋಡಿ.

ಇತಿ,
ನಿಮ್ಮ ಓದುಗ