ಮದುವೆ ಜಾಗ ನೋಡಲು ಭಾನುವಾರ ಲಕ್ಕುಂಡಿಗೆ

ಎಲ್ಲರಿಗೂ ನಮಸ್ಕಾರ. ಮದುವೆಗೆ ಲಕ್ಕುಂಡಿ ಕಡೆ ಎರಡು ತೋಟ ನೋಡಲು ಈ ಭಾನುವಾರ ಹೊರಟಿದ್ದೇವೆ. ಗದಗ ಬಸ್ ಸ್ಟ್ಯಾಂಡ್ ಹತ್ತಿರ 11ಕ್ಕೆ ಸೇರೋಣ.

ಮದುವೆ ದಿನ ಅಕ್ಕಿಕಾಳು ಬೀಳೋದು 12.30ಕ್ಕೆ ಅಲ್ವಾ? ಅದೇ ಹೊತ್ತಿಗೆ ಬೆಳಕು ನೋಡಬೇಕು. ನೆತ್ತಿ ಬಿಸಿಲಲ್ಲಿ ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೇವಿನ ಮರದ ಕೆಳಗೆ ಚೆಂದ ಅನಿಸಿದರೂ ಫೋಟೋದಲ್ಲಿ ಮುಖದ ಮೇಲೆಲ್ಲ ಬಿಸಿಲಿನ ಚುಕ್ಕೆ. ಕೆಂಪು ಶಾಮಿಯಾನ ಬೇಡವೇ ಬೇಡ, ಸೀರೆ ಬಣ್ಣವೇ ಕೆಡುತ್ತದೆ. ಬಿಳಿ ಬಟ್ಟೆ ಇರಲಿ. ಜೋಡಿ ಫೋಟೋ ಸಂಜೆ ಐದರ ಮೇಲೆ.

ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿ ಪುರಾತತ್ವ ಇಲಾಖೆಯದು. ಅಲ್ಲೂ ಫೋಟೋ ಬೇಕೆಂದರೆ ಮೊದಲೇ ಅನುಮತಿ ಕೇಳಬೇಕು.

ತೋಟಕ್ಕೆ ಎರೆ ಮಣ್ಣಿನ ದಾರಿ, ಮಳೆಯಾದರೆ ಕಾರು ಹೂತೇ ಹೋಗುತ್ತದೆ. ಅಜ್ಜಿ ನಡೆಯುವಷ್ಟು ದಾರಿ ಇದೆಯಾ ಅಂತಲೂ ನೋಡೋಣ.

ಯಾರ್ಯಾರು ಬರ್ತೀರಿ, ಶುಕ್ರವಾರದೊಳಗೆ ಇಲ್ಲೇ ಹೇಳಿ. ಫೋಟೋಗ್ರಾಫರನ್ನೂ ಕರೆದಿದ್ದೇವೆ.