ಸ್ಮಾರ್ಟ್ ಬಸ್ ಸ್ಟಾಪೂ ನನ್ನ ಮೊಣಕಾಲೂ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಬಸ್ ಸ್ಟಾಪಿಗೆ ‘ಸ್ಮಾರ್ಟ್ ಸ್ಪರ್ಶ’ ಸಿಕ್ಕಿದ ಸುದ್ದಿಯನ್ನು ಬುಧವಾರ ನಿಮ್ಮ ಪತ್ರಿಕೆಯಲ್ಲೇ ಓದಿದೆ. ಫೋಟೋದಲ್ಲಿ ಟೇಪು ಕತ್ತರಿಸುತ್ತಿರುವವರ ತಲೆ ಮೇಲೆ ಹೊಸ ಡಿಜಿಟಲ್ ಬೋರ್ಡು ಚೆನ್ನಾಗಿ ಬಂದಿದೆ. ಅವರ ಕಾಲ ಬಳಿ ಮುಚ್ಚಳವಿಲ್ಲದ ಚೇಂಬರ್ ಇದೆ. ಅದು ಮಾತ್ರ ಫೋಟೋದಲ್ಲಿ ಬಂದಿಲ್ಲ. ಗುರುವಾರ ಬೆಳಿಗ್ಗೆ ನಾನು ಬಿದ್ದದ್ದು ಅದರೊಳಕ್ಕೇ.

‘2 ನಿಮಿಷದಲ್ಲಿ ಬಸ್’ ಅಂತ ಬೋರ್ಡು ಹೇಳುತ್ತಿತ್ತು. ಮುಕ್ಕಾಲು ಗಂಟೆ ಆದರೂ ಅದೇ 2 ನಿಮಿಷ. ಕೆಟ್ಟಿದೆಯೋ ಏನೋ ನೋಡೋಣ ಅಂತ ಒಂದು ಹೆಜ್ಜೆ ಹಿಂದೆ ಸರಿದೆ. ಎಡಗಾಲು ಮೊಣಕಾಲಿನವರೆಗೆ ಒಳಗೆ. ಪಂಚೆ ಹರಿಯಿತು, ಚಪ್ಪಲಿ ಚೇಂಬರಿನ ಪಾಲಾಯಿತು. ತಂಗಿ ಮನೆಯ ಸತ್ಯನಾರಾಯಣ ಪೂಜೆಗೆ ಒಯ್ಯುತ್ತಿದ್ದ ಒಂದು ಚಿಪ್ಪು ಬಾಳೆಹಣ್ಣು ರಸ್ತೆಗೆ ಹೋಯಿತು. ಪೂಜೆ ತಪ್ಪಿತು, ಟಿಟಿ ಇಂಜೆಕ್ಷನ್ ಸಿಕ್ಕಿತು. ‘ಬಸ್ ಹತ್ತೋಕೆ ಹೋಗಿದ್ರಾ, ಬೋರ್ಡ್ ಓದೋಕೆ ಹೋಗಿದ್ರಾ’ ಅಂತ ಮನೆಯಲ್ಲಿ ಬೈಗುಳ ಬೇರೆ.

ಗಾಯಕ್ಕೆ ಔಷಧ ಹಚ್ಚುವಾಗ ಒಂದು ವಿಷಯ ಹೊಳೆಯಿತು. ನಾನು 34 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಸ್ಮಾರ್ಟ್ ಅನ್ನುವ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಅರ್ಥ ಉರಿಯುವ, ನೋಯಿಸುವ ಅಂತ. ಜರ್ಮನ್ ಭಾಷೆಯಲ್ಲಿ ನೋವಿಗೆ ಇವತ್ತಿಗೂ ‘ಷ್ಮೆರ್ಟ್ಸ್’ ಅಂತಾರೆ, ಅದೂ ಇದೇ ಬೇರಿನದು. ಇಂಗ್ಲಿಷಿನವರು ಈಗಲೂ ಗಾಯ ಉರಿದರೆ ‘ಸ್ಮಾರ್ಟ್ಸ್’ ಅನ್ನುತ್ತಾರೆ. ಹಾಗಾಗಿ ನಮ್ಮ ಬಸ್ ಸ್ಟಾಪಿಗೆ ಹಾಕಿದ ಪದ ತಪ್ಪೇನಲ್ಲ. ಮೂಲಾರ್ಥದಲ್ಲಿ ಬಳಸಿದ್ದಾರೆ ಅಷ್ಟೇ!

ಆಮೇಲೆ ಪದ ಊರೂರು ತಿರುಗಿತು. ಚಾಟಿ ಏಟಿನ ಉರಿಯಿಂದ ವೇಗಕ್ಕೆ, ವೇಗದಿಂದ ಬುದ್ಧಿಗೆ, ಕೊನೆಗೆ ಇಸ್ತ್ರಿ ಹಾಕಿದ ಬಟ್ಟೆಗೆ. ಅಮೆರಿಕದಲ್ಲಿ ಸ್ಮಾರ್ಟ್ ಅಂದರೆ ಹೆಚ್ಚಾಗಿ ಜಾಣ. ಬ್ರಿಟನ್ನಿನಲ್ಲಿ ನೀಟಾಗಿ ಬಟ್ಟೆ ಹಾಕಿದವನೂ ಸ್ಮಾರ್ಟ್. ನಮ್ಮಲ್ಲಿ ‘ಹುಡುಗ ಸ್ಮಾರ್ಟ್ ಆಗಿದ್ದಾನೆ’ ಅಂದರೆ ನೋಡೋಕೆ ಚೆನ್ನಾಗಿದ್ದಾನೆ ಅಂತ, ತಲೆಯ ಬಗ್ಗೆ ಗ್ಯಾರಂಟಿ ಇಲ್ಲ. ವಿಯೆಟ್ನಾಂ ಯುದ್ಧದ ಹೊತ್ತಿಗೆ ಗುರಿ ಹುಡುಕಿಕೊಂಡು ಹೋಗುವ ಬಾಂಬಿಗೂ ಈ ಪದ ಅಂಟಿತು. ಆಮೇಲೆ ಕಾರ್ಡು, ಫೋನು, ಟಿವಿ, ಮೀಟರು. ಈಗ ಚೇಂಬರು. ನಮ್ಮ ‘ಚುರುಕು’ ಬಂದದ್ದೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಅಲ್ವಾ? ಕೆಂಡ ತಾಗಿದರೆ ಚುರುಕ್ ಅನ್ನುತ್ತದೆ. ಓದುವ ಹುಡುಗನೂ ಚುರುಕು. ಕೆಲಸ ಮಾಡದವನಿಗೆ ಚುರುಕು ಮುಟ್ಟಿಸುವುದೂ ಉಂಟು. ಇಲ್ಲಿ ಬೇಕಾಗಿರುವುದು ಆ ಕೊನೆಯದು.

2015ರಲ್ಲಿ ಕೇಂದ್ರ ಸರ್ಕಾರ 100 ಊರುಗಳನ್ನು ಸ್ಮಾರ್ಟ್ ಮಾಡಲು ಹೊರಟಿತು. ನಮ್ಮ ರಾಜ್ಯದ 7 ನಗರಗಳು ಅದರಲ್ಲಿ ಸೇರಿದವು, ನಮ್ಮದೂ ಒಂದು. ಸ್ಮಾರ್ಟ್ ಸಿಟಿ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅರ್ಥವೇ ಇಲ್ಲ ಅಂತ ಅದರ ಮಾರ್ಗಸೂಚಿ ಶುರುವಿನಲ್ಲೇ ಒಪ್ಪಿಕೊಂಡಿದೆ. ಅರ್ಥ ಗೊತ್ತಿಲ್ಲದ ಪದಕ್ಕೆ ಬಜೆಟ್ ಇಡುವುದು ಹೇಗೆ? ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಶುಕ್ರವಾರ ಕುಂಟುತ್ತಾ ಪಾಲಿಕೆ ಕಚೇರಿಗೆ ಹೋಗಿ ಇದನ್ನೇ ಹೇಳಿದೆ. ಅಲ್ಲಿದ್ದ ಹುಡುಗ ಮೊಬೈಲಿನಿಂದ ತಲೆ ಎತ್ತದೆ ‘ಸಾರ್, ಓವರ್ ಸ್ಮಾರ್ಟ್ ಆಗ್ಬೇಡಿ’ ಅಂದ. ನೋಡಿ, ಗುಂಡಿ ತೋಡಿದವರು ಸ್ಮಾರ್ಟ್, ಬಿದ್ದವನು ಓವರ್ ಸ್ಮಾರ್ಟ್! ಇದೇ ಕಚೇರಿಯಲ್ಲಿ ನನ್ನ ಖಾತೆಯಲ್ಲಿ ತಂದೆಯ ಹೆಸರು ತಪ್ಪಾಗಿ ಬಿದ್ದು ಎರಡು ವರ್ಷ ಆಯಿತು. ತಿದ್ದುಪಡಿಗೆ ಮೂರು ಸಲ ಅರ್ಜಿ ಕೊಟ್ಟೆ, ಮೂರನೇ ಸಲ ನನ್ನ ಹೆಸರನ್ನೂ ತಪ್ಪು ಮಾಡಿ ಕೊಟ್ಟರು. ಪಾರ್ಕಿನ ದೀಪ ಹಗಲೆಲ್ಲ ಉರಿಯುತ್ತದೆ, ಸಂಜೆ ಆರಕ್ಕೆ ಆರುತ್ತದೆ. ಕೇಳಿದರೆ ಅದೂ ಸ್ಮಾರ್ಟ್ ದೀಪವಂತೆ. ಹಿಂದೆ ಸಾದಾ ಬಲ್ಬ್ ಇದ್ದಾಗ ಲೈನ್‌ಮ್ಯಾನ್ ಬಂದು ಸ್ವಿಚ್ ಹಾಕುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಆ ಚೇಂಬರಿಗೆ ಮೊದಲು ಮುಚ್ಚಳ ಹಾಕಲಿ. ಆಗದಿದ್ದರೆ ಸ್ಟಾಪಿನ ಮೇಲಿರುವ ಸ್ಮಾರ್ಟ್ ಅನ್ನುವ ಪದ ಕೀಳಲಿ. ಎರಡನ್ನೂ ಮಾಡಿದರೂ ಬೇಡ ಅನ್ನುವುದಿಲ್ಲ. ನಿಮ್ಮ ವರದಿಗಾರರೂ ಸುಮ್ನೆ ಫೋಟೋ ಹಾಕುವ ಮೊದಲು ಅಲ್ಲಿ ಒಂದು ಗಂಟೆ ಬಸ್ಸಿಗೆ ಕಾಯಲಿ. ನನ್ನ ಎಡಗಾಲಿನ ಚಪ್ಪಲಿ ಇನ್ನೂ ಅದರೊಳಗೇ ಇದೆ. ಸಂಬಂಧಪಟ್ಟವರು ಅಂತ ಯಾರಾದರೂ ಇದ್ದರೆ ತೆಗೆಸಿಕೊಡಲಿ.

— ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮೂರನೇ ಅಡ್ಡರಸ್ತೆ