ಮಗಳೇ, ದೊಡ್ಡ ರೇಟಿಂಗಿನವರ ಎದುರು ಆಡಲು ಹಿಂಜರಿಯಬೇಡ

ಪುಟ್ಟಿ,

ಚೆಸ್ ಟೂರ್ನಿಯಲ್ಲಿ ನಿನಗಿಂತ 500 ಪಾಯಿಂಟ್ ಮೇಲಿನವರು ಎದುರಾದರೆ ರೇಟಿಂಗ್, ಅಂದರೆ ಆಟದ ಶಕ್ತಿ ಅಳೆಯುವ ಸಂಖ್ಯೆ, ಕುಸಿದುಹೋಗುತ್ತದೆ, ಅದಕ್ಕೇ ಎಲ್ಲರೂ ಆಡುವ ಓಪನ್ ವಿಭಾಗ ಬೇಡ ಅಂದೆಯಲ್ಲ, ಆ ಲೆಕ್ಕವನ್ನು ಒಮ್ಮೆ ನೋಡು.

ಈ ರೇಟಿಂಗ್ ಪದ್ಧತಿ ಕಟ್ಟಿದ ಆರ್ಪಾಡ್ ಎಲೋ ಭೌತಶಾಸ್ತ್ರದ ಪ್ರೊಫೆಸರ್. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಇದನ್ನು 1970ರಲ್ಲಿ ತನ್ನದಾಗಿಸಿಕೊಂಡಿತು. ಆಟ ಶುರುವಾಗುವ ಮೊದಲೇ ಇಬ್ಬರ ರೇಟಿಂಗ್ ಅಂತರ ನೋಡಿ ಯಾರಿಗೆ ಎಷ್ಟು ಅಂಕ ಬರಬಹುದು ಅನ್ನುವ ಅಂದಾಜು ಸಿದ್ಧವಾಗಿರುತ್ತದೆ. ಅಂತರ 200 ಇದ್ದರೆ ಮೇಲಿನವರಿಗೆ 0.76, 400 ಇದ್ದರೆ 0.92. ನಿನಗೆ ಉಳಿಯೋದು 0.08 ಅಷ್ಟೇ. ನೀನು ನಿಜವಾಗಿ ಗಳಿಸಿದ ಅಂಕದಲ್ಲಿ (ಗೆದ್ದರೆ 1, ಡ್ರಾ ಆದರೆ ಅರ್ಧ, ಸೋತರೆ 0) ಆ ಅಂದಾಜನ್ನು ಕಳೆದು, ಕೆ ಅನ್ನುವ ಸಂಖ್ಯೆಯಿಂದ ಗುಣಿಸುತ್ತಾರೆ. ನಿನ್ನ ವಯಸ್ಸಿನ, 2300 ದಾಟದ ಮಕ್ಕಳಿಗೆ ಕೆ 40.

ಅಂದರೆ ಸೋತರೆ ಹೋಗೋದು 3.2 ಪಾಯಿಂಟ್. ಡ್ರಾ ಆದರೆ 16.8 ಬರುತ್ತದೆ, ಗೆದ್ದರೆ 36.8! ನೀನು ಸೋಲಬಹುದು ಅನ್ನೋದನ್ನು ಲೆಕ್ಕ ಮೊದಲೇ ಒಪ್ಪಿಕೊಂಡಿರುತ್ತದೆ ಕಣೇ.

ಅಂತರ 400 ದಾಟಿದರೂ 400 ಅಂತಲೇ ಹಿಡಿಯುತ್ತಾರೆ. ಇದು ಮೇಲಿನವರಿಗೆ ಅನುಕೂಲ, ಏಕೆಂದರೆ ಎದುರಾಳಿ 700 ಕೆಳಗಿದ್ದರೂ ಗೆದ್ದಾಗ ಅವರಿಗೆ ಸ್ವಲ್ಪ ಪಾಯಿಂಟ್ ಸಿಕ್ಕೇ ಸಿಗುತ್ತದೆ. ನನಗಂತೂ ಇದು ಪೂರ್ತಿ ಸರಿ ಅನ್ನಿಸಿಲ್ಲ. 2025ರ ಅಕ್ಟೋಬರ್‌ನಿಂದ 2650 ಮತ್ತು ಅದಕ್ಕಿಂತ ಮೇಲಿನವರಿಗೆ ಈ ರಿಯಾಯಿತಿ ತೆಗೆದರು, ಒಳ್ಳೆಯದೇ ಆಯಿತು.

ಹೆದರಬೇಕಾದದ್ದು ಇನ್ನೊಂದು ಕಡೆ ಇದೆ. ನಿನಗಿಂತ 400 ಕೆಳಗಿನ ಮಗು ಎದುರು ಕೂತಾಗ ಗೆದ್ದರೆ ಬರೀ 3.2, ಸೋತರೆ ಹೋಗೋದು 36.8. ಸೂತ್ರವು ಆ ಮಗುವಿನ ರೇಟಿಂಗ್ ನಿಜ ಅಂತ ನಂಬುತ್ತದೆ, ಆದರೆ ರೇಟಿಂಗ್ ಟೂರ್ನಿ ಆಡದೆ ಮನೆಯಲ್ಲಿ ತಿಂಗಳುಗಟ್ಟಲೆ ಕಲಿತ ಮಗುವಿನ ಶಕ್ತಿ ಆ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ, ಅಲ್ವಾ? ಮಕ್ಕಳಿಗೆ ಕೆ 40 ಇಟ್ಟಿರುವುದೂ ಸಂಖ್ಯೆ ಬೇಗ ಅವರ ಆಟವನ್ನು ಹಿಡಿಯಲಿ ಅಂತಲೇ. ಅದೂ ಸಾಲದೆ 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿದ್ದವರ ರೇಟಿಂಗನ್ನೇ ಒಮ್ಮೆಲೇ ಏರಿಸಿತು: 1500 ಇದ್ದವರು 1700 ಆದರು, 1000 ಇದ್ದವರು 1400. ಹಾಗಾಗಿ ಚಿಕ್ಕ ಸಂಖ್ಯೆ ಕಂಡ ಕೂಡಲೇ ಸುಮ್ನೆ ಬೇಗ ಬೇಗ ನಡೆ ಇಡಬೇಡ, ಪೂರ್ತಿ ಸಮಯ ತಗೋ.

ಓಪನ್ ವಿಭಾಗಕ್ಕೇ ನಿನ್ನ ಹೆಸರು ಕೊಡೋಣ ಅಂತಿದ್ದೇನೆ. ಎಲ್ಲಾ ಆಟ ಬರೆದುಕೊಂಡು ಬಾ, ದೊಡ್ಡವರು ಎಲ್ಲಿ ಮೇಲುಗೈ ಪಡೆದರು ಅಂತ ಕೂತು ನೋಡೋಣ. ಹೂಂ ಅಂತೀಯಾ?

ನಿನ್ನ ಅಮ್ಮ